ಪಿನ್ನಿಗೆ ಬಾಯಿ ಕೊಟ್ಟ ಮೇಲೆ

ನನ್ನ ಕೆಳತುಟಿಯನ್ನು ಸೀಳಿದ್ದು ಒಂದು ಮುಚ್ಚಳ. ಔಷಧಿ ಕಾರ್ಖಾನೆಗಳಿಗೆ ಹೋಗುವ ಡಬ್ಬಿಗಳ ತಗಡಿನ ಮುಚ್ಚಳ, ಇನ್ನೂ ಅಂಚು ಮಡಿಸದ್ದು, ಬ್ಲೇಡಿನಷ್ಟೇ ಚೂಪು. ಅದನ್ನು ಬೀಸಿದವಳು ಕಾಕು. ಬೀಸಲು ಅವಳಿಗೆ ಕಾರಣವಿತ್ತು. ಅವಳ ಗಂಡನ ಬಲಗೈಯ ಎರಡು ಬೆರಳು ಆಗಷ್ಟೇ ಪ್ರೆಸ್ಸಿನ ಕೆಳಗೆ ಜಜ್ಜಿಹೋಗಿದ್ದವು, ಅದಕ್ಕೆ ನನ್ನ ಬಾಯಿಯೇ ಕಾರಣವೆಂದು ಇಡೀ ಶೆಡ್ಡು ನಂಬಿತ್ತು. ಹೀಗಾಗಿ ಅವಳು ನೇರ ಬಾಯಿಗೇ ಗುರಿ ಇಟ್ಟಳು. ಗುರಿಯ ವಿಷಯದಲ್ಲಿ ಅವಳನ್ನು ಮೆಚ್ಚಲೇಬೇಕು.

ನನ್ನ ಬಾಯಿಯ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ನಾನು ಕಂಡವರ ದನಿಯನ್ನೆಲ್ಲ ತೆಗೆಯುತ್ತೇನೆ, ಥೇಟ್ ಅವರಂತೆಯೇ ಮಾತಾಡಿ ತೋರಿಸುತ್ತೇನೆ. ಮೆಹದಿಪಟ್ಟಣಂನಿಂದ ಪಟಾನ್‌ಚೆರುವಿಗೆ ಹೋಗುವ ಬಸ್ಸಿನ ಕಂಡಕ್ಟರ್, ನಮ್ಮ ಓಣಿಯ ಮಟನ್ ಅಂಗಡಿಯ ಚಾಚಾ, ಫೋನಿನಲ್ಲಿ ಕಲಬುರ್ಗಿಯ ಅಕ್ಕನೊಂದಿಗೆ ಜಗಳವಾಡುವ ನನ್ನ ಅಪ್ಪ, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದೆಂಬುದು ಅವ್ವನಿಗೂ ಖಾತ್ರಿಯಿಲ್ಲ. ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದೆ. ಓದಿದೆ ಎನ್ನುವುದಕ್ಕಿಂತ, ಮೇಷ್ಟರುಗಳ ದನಿ ತೆಗೆಯುತ್ತ ಮೂರು ವರ್ಷ ಕಳೆದೆ ಎನ್ನುವುದೇ ಸರಿ. ಆಮೇಲೆ ಪಟಾನ್‌ಚೆರುವಿನ ಆ ಶೆಡ್ಡಿನಲ್ಲಿ ಉಸ್ತಾದನ ಕೈಕೆಳಗೆ ಸೇರಿದೆ. ಉಸ್ತಾದ್ ಬೀದರಿನವನು. ಶೆಡ್ಡಿನ ಹಿಂಬದಿಯ ಕೋಣೆಯಲ್ಲಿ ಕೂತು, ಹಳೆಯ ಯಂತ್ರಗಳಿಗೆ ಹೊಸ ಬೋರ್ಡ್ ಮಾಡಿಕೊಡುತ್ತಿದ್ದ. ಬೋರ್ಡಿನ ನಡುವೆ ಉಗುರಿನಷ್ಟು ಅಗಲದ ಒಂದು ಮೈಕ್ರೊಕಂಟ್ರೋಲರ್ ಚಿಪ್, ಸುತ್ತ ಪಿನ್ನುಗಳು. ಯಾವ ಪಿನ್ ಯಾವ ಯಂತ್ರವನ್ನು ಕುಣಿಸಬೇಕು ಎಂದು ಬರೆಯುವುದು ಅವನ ಕೆಲಸ. ತಂತಿ ಎಳೆದು ಬೆಸುಗೆ ಹಾಕುವುದು, ಚಹಾ ತರುವುದು, ಬೈಸಿಕೊಳ್ಳುವುದು ನನ್ನದು.

ಕಾಕಾ, ಕಾಕು ಎಂದು ಚಿಕ್ಕಪ್ಪ, ಚಿಕ್ಕಮ್ಮನ ಹಾಗೆ ಕರೆದರೂ ಅವರು ನನಗೆ ರಕ್ತಸಂಬಂಧವೇನಲ್ಲ. ಚಿಂಚೋಳಿ ಕಡೆಯವರು. ಕಾಕಾ ಮುಚ್ಚಳ ಒತ್ತುವ ಪ್ರೆಸ್ಸಿನ ಮುಂದೆ ಕೂರುತ್ತಿದ್ದ, ಕಾಕು ಒತ್ತಿದ ಮುಚ್ಚಳಗಳನ್ನು ಪೇರಿಸುತ್ತಿದ್ದಳು. ಅದು ಗಾಳಿಯ ಒತ್ತಡದ ಪ್ರೆಸ್. ಪೆಡಲ್ ತುಳಿದರೆ ಟ್ಯಾಂಕಿನ ಗಾಳಿ ನುಗ್ಗಿ ಮೇಲಿನ ಕಬ್ಬಿಣ ಧಡ್ ಎಂದು ಕೆಳಗಿನ ಅಚ್ಚಿನ ಮೇಲೆ ಬೀಳುತ್ತದೆ, ನಡುವೆ ಇದ್ದ ತಗಡು ಮುಚ್ಚಳವಾಗುತ್ತದೆ. ನಡುವೆ ಬೇರೇನಿದ್ದರೂ ಅದು ಏನಾಗುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ.

ಅಚ್ಚಿನೊಳಗೆ ತಗಡಿನ ಚೂರು ಸಿಕ್ಕಿಕೊಳ್ಳುವುದು ದಿನದ ಗೋಳು. ಅದನ್ನು ತೆಗೆಯುವುದಕ್ಕೆ ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಸೇರಿದ ದಿನವೇ ಕಾಕಾ ನನಗೆ ಅದನ್ನು ಹೇಳಿಕೊಟ್ಟಿದ್ದ.

"ಕರೆಂಟ್ ಇದ್ರ ಕೊಕ್ಕಿ ಹಾಕಿ ಎಳೀಬೇಕು ನೋಡು. ಕರೆಂಟ್ ಹೋತಂದ್ರ ಆರಾಮ ಕೈ ಹಾಕಿ ಸ್ವಚ್ಛ ಮಾಡ್ಬೇಕು. ಆಗ ಇದು ಹೆಣ."

ಹಳೆಯ ವ್ಯವಸ್ಥೆಯಲ್ಲಿ ಆ ಮಾತು ನಿಜವೇ ಆಗಿತ್ತು. ಕರೆಂಟ್ ಹೋಗಿ ಬಂದರೂ, ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಪ್ರೆಸ್ ಮಿಸುಕುತ್ತಿರಲಿಲ್ಲ. ಹೀಗಾಗಿ ಕರೆಂಟ್ ಹೋಯಿತೆಂದರೆ ಆಪರೇಟರುಗಳೆಲ್ಲ ಕೊಕ್ಕೆ ಬಿಸಾಕಿ, ಬೀಡಿ ಕಚ್ಚಿ, ಯಂತ್ರದ ಬಾಯಿಗೆ ಕೈ ಹಾಕಿ ಕೂತುಬಿಡುತ್ತಿದ್ದರು. ಆ ಹಸಿರು ಗುಂಡಿಯ ಪೆಟ್ಟಿಗೆ ಪದೇಪದೇ ಕೆಡುತ್ತದೆಂದು ಶೆಡ್ಡಿನ ಮಾಲೀಕ ಸೇಠ್ ಅದನ್ನು ಕಿತ್ತುಹಾಕಿಸಿ ಉಸ್ತಾದನ ಹೊಸ ಬೋರ್ಡ್ ಕೂರಿಸಿದ. ಬೋರ್ಡಿಗೆ ಒಂದು ಪುಟ್ಟ ಪರದೆ ಬೇರೆ. ಚಾಲೂ ಆದ ಕೂಡಲೇ ಅದರ ಮೇಲೆ 'ಸುಸ್ವಾಗತಂ' ಎಂಬ ಅಕ್ಷರಗಳು ಉರುಳುತ್ತ ಹೋಗುತ್ತಿದ್ದವು. ಸೇಠನಿಗೆ ಇಡೀ ಬೋರ್ಡಿನಲ್ಲಿ ಅರ್ಥವಾಗಿದ್ದು ಅದೊಂದೇ, ಮೆಚ್ಚಿಕೊಂಡದ್ದೂ ಅದೊಂದನ್ನೇ.

ಬೋರ್ಡ್ ಕೂರಿಸಿದ ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಕಾಕಾ ಎಂದಿನಂತೆ ಅಚ್ಚಿನೊಳಗೆ ಕೈ ಹಾಕಿದ. ನಾನೂ ಎಂದಿನಂತೆ ನನ್ನ ಕೆಲಸಕ್ಕೆ ಕೈ ಹಾಕಿದೆ, ಅಂದರೆ ಸೂಪರ್‌ವೈಸರನ ದನಿ ತೆಗೆದೆ. ಅವನು ತೆಲುಗಿನವ, ಬಾಯಲ್ಲಿ ಸದಾ ಗುಟ್ಕಾ. ಒತ್ತು, ನಿದ್ದೆ ಮಾಡ್ತಿದ್ದೀಯಾ ಎಂದು ತೆಲುಗಿನಲ್ಲಿ ಒದರುವುದೇ ಅವನ ದಿನಚರಿ.

"ಏಯ್, ನೊಕ್ಕವಯ್ಯಾ! ನಿದ್ರಪೋತುನ್ನಾವಾ?"

ಎಲ್ಲರೂ ನಕ್ಕರು. ಕಾಕಾನೂ ನಕ್ಕ. ಅಷ್ಟರಲ್ಲಿ ಹೊರಗೆ ಕಾವಲುಗಾರ ಜನರೇಟರ್ ಚಾಲೂ ಮಾಡಿದ, ದೀಪ ಬಂತು, ಪ್ರೆಸ್ ಧಡ್ ಎಂದು ಬಿತ್ತು.

ಕಾಕಾನ ಕೂಗು ಬರಲು ಸ್ವಲ್ಪ ತಡವಾಯಿತು. ಮೊದಲು ಕೇಳಿದ್ದು ಎಲುಬಿನ ಸದ್ದು. ಮಟನ್ ಅಂಗಡಿಯ ಚಾಚಾ ಮೊಣಕಾಲಿನ ಮೂಳೆ ಕಡಿಯುವಾಗ ಬರುವಂಥ ಸದ್ದು. ನಾನು ಎಷ್ಟೋ ಸಲ ಅದನ್ನು ಬಾಯಲ್ಲಿ ಮಾಡಿ ತೋರಿಸಿ ಚಪ್ಪಾಳೆ ತಗೊಂಡಿದ್ದೇನೆ. ಅವತ್ತಿನಿಂದ ಮಾಡಿಲ್ಲ. ಮೇಲಿನ ಕಬ್ಬಿಣ ಕ್ಷಣ ಹೊತ್ತು ಅಲ್ಲೇ ಒತ್ತಿಕೊಂಡು ಕೂತಿತ್ತು. ಆಮೇಲೆ ತಾನಾಗಿ ಮೇಲಕ್ಕೆ ಹೋಯಿತು. ರಕ್ತ ಅಚ್ಚಿನ ದುಂಡನೆಯ ಕಾಲುವೆಯಲ್ಲಿ ಸುತ್ತು ಹಾಕಿ, ಮುಚ್ಚಳದ ಆಕಾರದಲ್ಲೇ ನಿಂತಿತು.

ಮುಂದಿನದು ನಿಮಗೆ ಗೊತ್ತು, ಮುಚ್ಚಳ ಬಂತು. ಅದರ ಹಿಂದೆ ಉಳಿದವರೂ ಬಂದರು.

"ಬಾಡ್ಯಾ! ನೀ ಒದರಿದ್ದಕ್ಕ ನನ್ ಗಂಡ ಪೆಡಲ್ ತುಳ್ದಾನ!" ಎಂದಳು ಕಾಕು.

ಒಬ್ಬ ಬೆನ್ನಿಗೆ ಗುದ್ದಿದ, ಒಬ್ಬ ಸೊಂಟಕ್ಕೆ ಒದ್ದ. ಸೂಪರ್‌ವೈಸರ್ ತನ್ನ ದನಿ ಕದ್ದ ಹಳೆಯ ಸಿಟ್ಟನ್ನೆಲ್ಲ ಸೇರಿಸಿ ಕಿವಿಗೆ ಬಾರಿಸಿದ. ಎಲ್ಲರಿಗಿಂತ ಜೋರಾಗಿ ಹೊಡೆದವನು ಉಸ್ತಾದ್. "ನನ್ ಬೋರ್ಡಿಗೆ ಹೆಸರು ಕೆಡಿಸ್ತೀ ಏನ್ಲೇ!" ಎಂದು ಅವನು ನನ್ನ ತಲೆಯನ್ನು ತಗಡಿನ ಗೋಡೆಗೆ ಬಡಿದಾಗ, ಆ ಗೋಡೆ ದೇವಸ್ಥಾನದ ಜಾಗಟೆಯ ಹಾಗೆ ಮೊಳಗಿತು. ನಾನು ಅತ್ತೆ. ಯಾರ ದನಿಯಲ್ಲಿ ಅತ್ತೆನೋ ನೆನಪಿಲ್ಲ.

ಹೊಲಿಗೆ ನನಗೂ ಬೇಕಿತ್ತು. ಹೀಗಾಗಿ ಒಂದೇ ಆಟೋದಲ್ಲಿ ಮೂವರನ್ನೂ ತುರುಕಿದರು. ಆ ಕಡೆ ಕಾಕಾ, ಟವೆಲ್ಲಿನಲ್ಲಿ ಸುತ್ತಿದ ಕೈ. ಈ ಕಡೆ ನಾನು, ಕರ್ಚೀಫಿನಲ್ಲಿ ಸುತ್ತಿದ ಬಾಯಿ. ನಡುವೆ ಕಾಕು. ರಸ್ತೆಯ ಪ್ರತಿ ಗುಂಡಿಗೂ ಅವಳು ಗಂಡನನ್ನು ಒಂದು ಕೈಯಿಂದ ಅಪ್ಪಿ ಹಿಡಿಯುತ್ತಿದ್ದಳು, ಇನ್ನೊಂದು ಕೈಯ ಮೊಣಕೈಯಿಂದ ನನ್ನ ಪಕ್ಕೆಲುಬಿಗೆ ತಿವಿಯುತ್ತಿದ್ದಳು. ಆ ರಸ್ತೆಯಲ್ಲಿ ಗುಂಡಿಗಳಿಗೆ ಬರಗಾಲವಿಲ್ಲ.

ದಾರಿಯಲ್ಲಿ ಕಾಕಾ ಬಾಯಿ ಬಿಟ್ಟ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವನ್ನ ಯಾಕ ಹೊಡೀತಿ. ಒತ್ತಿದ್ದು ನನ್ ಕಾಲು. ನನ್ ಕಾಲ ನನ್ ಕೈ ತಿಂತು."

"ನೀ ಬೇಕಂತ ಒತ್ತೀದ್ಯಾ?" ಎಂದಳು ಕಾಕು.

"ಒತ್ತಿದ್ದು ಗೊತ್ತಾಗ್ಲಿಲ್ಲ ನೋಡು. ಅದ ಅಂಜಿಕಿ. ನನಗ ಗೊತ್ತಿಲ್ದ ಒತ್ತೈತಿ."

ಆಸ್ಪತ್ರೆಯಲ್ಲಿ ಎರಡು ಬೆರಳನ್ನೂ ಬುಡದಿಂದ ತೆಗೆದರು. ಮರುದಿನ ನಾನು ಊದಿದ ತುಟಿ ಹೊತ್ತು ನೋಡಲು ಹೋದಾಗ, ಕಾಕಾ ಮಂಚದ ಕಬ್ಬಿಣದ ಚೌಕಟ್ಟಿಗೆ ತನ್ನ ಬಲಗಾಲನ್ನು ಬಡಿಯುತ್ತಿದ್ದ. ಹಿಮ್ಮಡಿ ನೀಲಿಗಟ್ಟಿತ್ತು. ನರ್ಸ್ ಬಂದು ಹಿಡಿದರೆ ಬಿಡುತ್ತಿದ್ದ, ಅವಳು ಹೋದರೆ ಮತ್ತೆ ಬಡಿಯುತ್ತಿದ್ದ.

"ಕೈ ಹೋದದ್ದಕ್ಕ ಅಲ್ಲ. ಎಡಗೈಲೆ ಕಲೀತೀನಿ," ಎಂದ. "ಆದ್ರ ಈ ಕಾಲಿನ ಮ್ಯಾಲೆ ನನಗ ಭರೋಸಾ ಇಲ್ಲ. ಇನ್ಮ್ಯಾಲೆ ಯಾವ ಯಂತ್ರದ ಮುಂದೂ ಕೂಡಂಗಿಲ್ಲ. ನಾಳೆ ಇದು ಇನ್ನೊಬ್ಬರ ಕೈ ತಿಂದ್ರ?"

ಹರೆಯದಿಂದಲೂ ಪ್ರೆಸ್ಸಿನ ಮುಂದೆ ಕೂತ ಮನುಷ್ಯ. ಬೇರೆ ಕೆಲಸ ಬಾರದು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಹೊಲಿಗೆ ಹಾಕಿದ ತುಟಿಯಿಂದ ಹೊರಟ ದನಿ ಗುಟ್ಕಾ ತುಂಬಿದ ಬಾಯಿಯ ದನಿಯಂತೆ, ಅಂದರೆ ತೇಟ್ ಸೂಪರ್‌ವೈಸರನಂತೆ ಇತ್ತು. ಕಾಕು ಊಟದ ಡಬ್ಬಿ ಎತ್ತಿದಳು. ನಾನು ಓಡಿದೆ.

ಶೆಡ್ಡಿನವರು ತಮಗೆ ತೋಚಿದ ಪರಿಹಾರ ಮಾಡಿದರು. ಪೆಡಲಿನ ಮೇಲೆ ಕಬ್ಬಿಣದ ಮುಚ್ಚಿಗೆ ಬೆಸೆದರು. ಕಾಲನ್ನು ಬೇಕೆಂದೇ ಒಳಗೆ ತೂರಿಸಿದರೆ ಮಾತ್ರ ತುಳಿಯಬಹುದು, ಅಪ್ಪಿತಪ್ಪಿ ತಗಲುವ ಹಾಗಿಲ್ಲ. ಬೋರ್ಡಿನ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಪ್ರೆಸ್ ಮತ್ತೆ ಚಾಲೂ ಮಾಡುವ ದಿನ, ಗಂಡನ ಜಾಗ ಬೇರೆಯವರ ಪಾಲಾಗಬಾರದೆಂದು ಕಾಕು ತಾನೇ ಆ ಸ್ಟೂಲಿನ ಮೇಲೆ ಕೂತಳು.

ಅವತ್ತು ಬೆಳಿಗ್ಗೆ ಉಸ್ತಾದ್ ಅದೇ ಥರದ ಇನ್ನೊಂದು ಬೋರ್ಡನ್ನು ಪರೀಕ್ಷೆ ಮಾಡಲು ನನಗೆ ಕೊಟ್ಟಿದ್ದ. ಬೇರೆ ದಿನವಾಗಿದ್ದರೆ ನಾನು ಕೆಲಸದ ಜೊತೆ ಯಾರದೋ ದನಿ ತೆಗೆಯುತ್ತ ಕೂರುತ್ತಿದ್ದೆ. ಅವತ್ತು ತುಟಿ ಏಳುತ್ತಿರಲಿಲ್ಲ. ಬಾಯಿ ಮುಚ್ಚಿದ್ದಕ್ಕೋ ಏನೋ, ಕಿವಿ ತೆರೆಯಿತು. ಸ್ವಿಚ್ ಹಾಕಿದೆ. 'ಕಟ್' ಎಂದಿತು. ಪರದೆಯ ಮೇಲೆ ಸುಸ್ವಾಗತಂ ಉರುಳಿತು. ಅದು ಮುಗಿದ ಮೇಲೆ ಮತ್ತೆ 'ಕಟ್'. ಈ ಸದ್ದನ್ನು ಹಿಂದೆಯೂ ಕೇಳಿದ್ದೆ, ಬೋರ್ಡ್ ಎದ್ದಾಗ ಗಂಟಲು ಸರಿಮಾಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ಸದ್ದು ಬರುತ್ತಿದ್ದದ್ದು ರಿಲೇಯಿಂದ, ಅಂದರೆ ಪಿನ್ ಹೇಳಿದಂತೆ ಯಂತ್ರಕ್ಕೆ ಕರೆಂಟ್ ಬಿಡುವ ಸ್ವಿಚ್ಚಿನಿಂದ; ಈಗ ಅದಕ್ಕೆ ಒಂದು ಬಲ್ಬು ಕಟ್ಟಿ ನೋಡಿದೆ. ಸ್ವಾಗತ ಉರುಳುವಷ್ಟು ಹೊತ್ತೂ ಬಲ್ಬು ಉರಿಯಿತು. ಪ್ರೆಸ್ಸಿನಲ್ಲಿ ಬಲ್ಬಿನ ಜಾಗದಲ್ಲಿರುವುದು ಗಾಳಿಯ ವಾಲ್ವು.

ಉಸ್ತಾದ್ ಬರೆದ ಪ್ರೋಗ್ರಾಮನ್ನು ತೆರೆದೆ.

ಚಿಪ್ಪಿನ ಪಿನ್ ಕೇಳುವ ಕೆಲಸವನ್ನೂ ಮಾಡುತ್ತದೆ, ಹೇಳುವ ಕೆಲಸವನ್ನೂ ಮಾಡುತ್ತದೆ. ಕರೆಂಟ್ ಬಂದು ಚಿಪ್ ಎದ್ದಾಗ ಎಲ್ಲ ಪಿನ್ನುಗಳೂ ಬರೀ ಕೇಳುತ್ತ ಕೂತಿರುತ್ತವೆ, ಯಾರಿಗೂ ಅಪಾಯವಿಲ್ಲ. ಒಂದು ಪಿನ್ನಿಗೆ 'ಇನ್ನು ನೀನು ಔಟ್‌ಪುಟ್' ಎಂದು ಹೇಳಿದೆವೋ, ಅದಕ್ಕೆ ಬಾಯಿ ಬಂತು. ಬಾಯಿ ಬಂದ ಮೇಲೆ ಅದಕ್ಕೆ ಸುಮ್ಮನಿರಲು ಬರುವುದಿಲ್ಲ. ಒಂದು ಎನ್ನಬೇಕು ಇಲ್ಲವೇ ಸೊನ್ನೆ ಎನ್ನಬೇಕು. ಏನೆನ್ನಬೇಕೆಂದು ಮೊದಲೇ ಹೇಳಿಕೊಟ್ಟಿರದಿದ್ದರೆ ಆ ಚಿಪ್ಪು ಸೊನ್ನೆ ಎನ್ನುತ್ತದೆ. ಸೊನ್ನೆ ಎಂದರೆ ಏನೂ ಇಲ್ಲ, ಬಂದ್ ಎಂದು ನೀವು ತಿಳಿಯುತ್ತೀರಿ. ನಾವು ತರುತ್ತಿದ್ದ ಅಗ್ಗದ ರಿಲೇಗಳ ನಡತೆ ಉಲ್ಟಾ. ಅವಕ್ಕೆ ಸೊನ್ನೆ ಎಂದರೆ ಹೊಡಿ, ಒಂದು ಎಂದರೆ ಬಿಡಿ.

ಉಸ್ತಾದ್ ಮಾಡಿದ್ದು ಇಷ್ಟೇ. ಮೊದಲು ಪಿನ್ನನ್ನು ಔಟ್‌ಪುಟ್ ಮಾಡಿದ. ಆಮೇಲೆ ಸೇಠನ ಸುಸ್ವಾಗತಂ. ಅದು ಮುಗಿದ ಮೇಲೆ, ಬಹಳ ವಿರಾಮವಾಗಿ, ಪಿನ್ನಿಗೆ 'ಒಂದು ಎನ್ನು' ಎಂದು ಹೇಳಿದ. ಅಷ್ಟು ಹೊತ್ತೂ ಪಿನ್ನು ಸೊನ್ನೆ ಸೊನ್ನೆ ಎಂದು, ಅಂದರೆ ಹೊಡಿ ಹೊಡಿ ಎಂದು ಒದರುತ್ತಿತ್ತು. ಬೆಳಗಿನ ಹೊತ್ತು ಗಾಳಿಯ ಟ್ಯಾಂಕ್ ಖಾಲಿ ಇರುತ್ತದೆ, ಸಂಜೆ ಕಾವಲುಗಾರ ಗಾಳಿ ಬಿಟ್ಟೇ ಹೋಗುತ್ತಾನೆ. ಹೀಗಾಗಿ ಬೆಳಿಗ್ಗೆ ಎಷ್ಟು ಒದರಿದರೂ ಪ್ರೆಸ್ ಬೀಳುವುದಿಲ್ಲ. ಮಧ್ಯಾಹ್ನ ಟ್ಯಾಂಕ್ ತುಂಬಿದಾಗ ಕರೆಂಟ್ ಹೋಗಿ ಬಂದರೆ ಬೀಳುತ್ತದೆ. ಸರಿಯಾಗಿ ಆಪರೇಟರುಗಳು ಕೈ ಹಾಕುವ ಹೊತ್ತಿಗೇ.

"ಉಸ್ತಾದ್, ಇಲ್ನೋಡ್ರಿ. ಮೊದ್ಲು ಒಂದು ಅಂತ ಬರೀಬೇಕ್ರಿ, ಆಮ್ಯಾಲೆ ಔಟ್‌ಪುಟ್ ಮಾಡ್ಬೇಕು. ನೀವು ಉಲ್ಟಾ ಮಾಡೀರಿ," ಎಂದೆ.

ಉಸ್ತಾದ್ ಬಲ್ಬಿನ ಕಡೆ ನೋಡಿದ, ನನ್ನ ಕಡೆ ನೋಡಿದ, ಹೊಲಿಗೆ ಇದ್ದ ಕಡೆಗೇ ಬಾರಿಸಿದ. ಬಾಯಿಯೊಳಗೆ ಉಪ್ಪುಪ್ಪಾಯಿತು.

"ಹತ್ತು ವರ್ಷದಿಂದ ಪಿನ್ ಔಟ್‌ಪುಟ್ ಮಾಡಾಕತ್ತೀನಿ ಲೇ. ನಿನ್ ಪಾಪ ನನ್ ತಲಿಗೆ ಕಟ್ಟಾಕ ಬರ್ತಿ? ಎಲ್ಲಾ ಬೋರ್ಡೂ ಎದ್ದಾಗ ಕಟ್ ಅಂತಾವ!"

ಆ ಮಾತು ಮುಗಿಯುತ್ತಲೇ ಕೋಣೆಯ ಫ್ಯಾನ್ ನಿಂತಿತು. ಕರೆಂಟ್ ಹೋಗಿತ್ತು, ಹೊತ್ತು ಆಗಲೇ ಮಧ್ಯಾಹ್ನ, ಟ್ಯಾಂಕ್ ತುಂಬಿತ್ತು.

ನಾನು ಓಡಿದೆ. ಕಾಕು ಆಗಲೇ ಕೊಕ್ಕೆ ಬಿಸಾಕಿ, ಸೆರಗು ಸಿಕ್ಕಿಸಿ, ಮೊಣಕೈಯವರೆಗೆ ಅಚ್ಚಿನೊಳಗೆ ಇದ್ದಳು. "ಕಾಕು, ಕೈ ತೆಗಿ!" ಎಂದು ಕೂಗಿದೆ. ರಕ್ತ ತುಂಬಿದ ಬಾಯಿಂದ ಹೊರಟಿದ್ದು ಬರೀ 'ಕಾಗೂ ಗೈ ಗೆಗೀ'. ಇಬ್ಬರು ನಕ್ಕರು, ಇವನು ಮತ್ತೆ ಸುರು ಮಾಡಿದ ಅಂತ. ಕಾಕು ತಿರುಗಿಯೂ ನೋಡಲಿಲ್ಲ. ಹೊರಗೆ ಜನರೇಟರಿನ ಹಗ್ಗ ಎಳೆಯುವ ಸದ್ದು ಕೇಳಿತು. ನಾನು ಅವಳ ತುರುಬಿಗೆ ಕೈ ಹಾಕಿ, ಇನ್ನೊಂದು ಕೈಯಿಂದ ಭುಜ ಹಿಡಿದು, ಇದ್ದಬದ್ದ ಬಲವೆಲ್ಲ ಹಾಕಿ ಹಿಂದಕ್ಕೆ ಎಳೆದು ನೆಲಕ್ಕೆ ಕೆಡವಿದೆ. ಅವಳು ತಗಡಿನ ಚೂರುಗಳ ರಾಶಿಯ ಮೇಲೆ ಬಿದ್ದಳು. ಬಳೆ ಒಡೆದವು. ಮೊಣಕೈ ಕೊಯ್ದು ರಕ್ತ ಬಂತು.

"ಹೆಣ್ಮಗಳ ಮ್ಯಾಲೆ ಕೈ ಮಾಡ್ತಿ ಏನ್ಲೇ!" ಎಂದು ಶೆಡ್ಡಿನವರೆಲ್ಲ ನನ್ನ ಮೇಲೆ ಬಿದ್ದರು.

ಈ ಸಲ ಮುಂಚಿನ ಏಟುಗಳೆಲ್ಲ ಬರೀ ಅಭ್ಯಾಸ ಎನಿಸಿತು. ಹೊಟ್ಟೆಗೆ ಮೊಣಕಾಲು, ಮೂಗಿಗೆ ಮುಷ್ಟಿ. ಸೂಪರ್‌ವೈಸರ್ ಒಂದು ಮರದ ಹಲಗೆ ಎತ್ತಿದ್ದ. ಅಷ್ಟರಲ್ಲಿ ದೀಪ ಬಂತು. ಸುಸ್ವಾಗತಂ ಉರುಳತೊಡಗಿತು. ಪ್ರೆಸ್ ಧಡ್ ಎಂದು ಬಿತ್ತು.

ಯಾರೂ ಅದರ ಹತ್ತಿರ ಇರಲಿಲ್ಲ. ಮುಚ್ಚಿಗೆಯೊಳಗಿನ ಪೆಡಲ್ ಒಂಟಿಯಾಗಿತ್ತು. ಎತ್ತಿದ ಕೈಗಳೆಲ್ಲ ಎತ್ತಿದಲ್ಲೇ ನಿಂತವು. ಒಂದು ಮುಷ್ಟಿ ಮಾತ್ರ ಆಗಲೇ ಹೊರಟುಬಿಟ್ಟಿತ್ತು, ಅದು ಬಂದು ನನ್ನ ದವಡೆಗೆ ಬಡಿದೇ ನಿಂತಿತು.

ಕಾಕು ಬಿದ್ದಲ್ಲಿಂದಲೇ ಅಚ್ಚನ್ನು ನೋಡಿದಳು, ತನ್ನ ಎರಡೂ ಕೈ ನೋಡಿಕೊಂಡಳು.

"ಯಾರು ಒತ್ತಿದ್ರು?"

"ಯಾರೂ ಒತ್ತಿಲ್ಲ ಕಾಕು," ಎಂದು ಬಿಡಿಬಿಡಿಯಾಗಿ ಹೇಳಿದೆ. "ಅವತ್ತೂ ಯಾರೂ ಒತ್ತಿಲ್ಲ. ಕರೆಂಟ್ ಬಂದ್ರ ಬೋರ್ಡ್ ತಾನ ಹೊಡೀತದ."

ಅವಳು ಎದ್ದಳು. ಕೊಕ್ಕೆ ಎತ್ತಿಕೊಂಡಳು. ಹಿಂಬದಿಯ ಕೋಣೆಗೆ ಹೋದಳು. ಬರುವಾಗ ಕೊಕ್ಕೆಯ ತುದಿ ಉಸ್ತಾದನ ಕಾಲರಿನಲ್ಲಿತ್ತು, ಉಸ್ತಾದ್ ಕಾಲರಿನ ಹಿಂದೆ ಬರುತ್ತಿದ್ದ, ಅವನ ಕೈಯಲ್ಲಿ ಲ್ಯಾಪ್‌ಟಾಪ್ ಇತ್ತು.

"ತಪ್ಪೇನೈತ್ರಿ ಅದ್ರಾಗ, ಪಿನ್ ಔಟ್‌ಪುಟ್ಟ ಐತಿ..." ಎನ್ನುತ್ತಲೇ ಇದ್ದ.

"ನನಗ ಪಿನ್ನೂ ಗೊತ್ತಿಲ್ಲ, ಗಿನ್ನೂ ಗೊತ್ತಿಲ್ಲ. ಆ ಹುಡುಗ ಹೇಳ್ದಂಗ ಬರಿ. ಇಲ್ಲೇ ಬರಿ."

ಒಂದು ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಕೊಕ್ಕೆ ಕುತ್ತಿಗೆಯ ಹತ್ತಿರವೇ ಇತ್ತು. ಉಸ್ತಾದ್ ಬರೆದ: ಮೊದಲು ಒಂದು ಎನ್ನು, ಆಮೇಲೆ ಔಟ್‌ಪುಟ್ ಆಗು. ಸ್ವಾಗತ ಎಲ್ಲದರ ಕೊನೆಗೆ. ಎರಡು ಸಾಲು ಮೇಲೆ ಕೆಳಗಾದವು, ಅಷ್ಟೇ, ಅದನ್ನು ಪ್ರೆಸ್ಸಿನ ಬೋರ್ಡಿಗೆ ತುಂಬಿದ. ಚಿಪ್ ಪೂರ್ತಿ ಏಳುವ ಮೊದಲು ಪಿನ್ ಅತ್ತಿತ್ತ ತೂರಾಡದಂತೆ, ಅದನ್ನು ಒಂದರ ಕಡೆಗೆ ಎಳೆದು ಹಿಡಿಯುವ ಪುಟ್ಟ ರೆಸಿಸ್ಟರನ್ನು ನಾನು ಬೆಸೆದೆ. ಬೆಸೆಯುವಾಗ ಹೆಬ್ಬೆರಳೂ ಸುಟ್ಟಿತು. ಅಷ್ಟೊತ್ತಿಗೆ ಅದು ನನ್ನ ಗಾಯಗಳ ಸಾಲಿನಲ್ಲಿ ಕೊನೆಯದು, ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಟ್ಯಾಂಕ್ ತುಂಬಿಸಿ, ಅಚ್ಚಿನಲ್ಲಿ ಬಿದಿರಿನ ತುಂಡು ಇಟ್ಟು, ಮೇನ್ ಸ್ವಿಚ್ ತೆಗೆದು ಹಾಕಿದೆವು. ಬಿದಿರು ಹಾಗೇ ಇತ್ತು. ಮತ್ತೆ ತೆಗೆದು ಹಾಕಿದೆವು. ಹಾಗೇ ಇತ್ತು.

"ಬಿದಿರಿಗೆ ಬ್ಯಾನಿ ಇಲ್ಲ. ಕೈ ಇಡು," ಎಂದಳು ಕಾಕು.

ಉಸ್ತಾದನ ಮುಖ ಸುಣ್ಣವಾಯಿತು. "ಅಕ್ಕಾ, ಹಂಗ್ಯಾಕ್ರಿ, ಈಗ ಸರಿ ಐತಿ..."

"ಸರಿ ಇದ್ರ ಇಡಾಕೇನು?" ಆಮೇಲೆ ನನ್ನ ಕಡೆ ತಿರುಗಿದಳು. "ನೀನೂ ಇಡು. ನಿನ್ ಬಾಯಿನೂ ನಾ ನಂಬಂಗಿಲ್ಲ."

ಇಬ್ಬರೂ ಇಟ್ಟೆವು. ಅಚ್ಚಿನ ಕಬ್ಬಿಣ ತಣ್ಣಗಿತ್ತು, ಪಕ್ಕದಲ್ಲಿ ಉಸ್ತಾದನ ಅಂಗೈ ಒದ್ದೆಯಾಗಿತ್ತು. ಅವನು ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದ, ನಾನು ಅವನಂತೆಯೇ ಗೊಣಗಿದೆ. ಅಣಕಿಸಲು ಅಲ್ಲ, ನನಗೆ ನನ್ನದೊಂದು ಪ್ರಾರ್ಥನೆ ಆ ಹೊತ್ತಿಗೆ ಹೊಳೆಯಲಿಲ್ಲ. ಸೂಪರ್‌ವೈಸರ್ ಸ್ವಿಚ್ ಹಾಕಿದ. ಕಟ್ ಎನ್ನಲಿಲ್ಲ. ಸುಸ್ವಾಗತಂ ನಿಧಾನಕ್ಕೆ ಉರುಳಿ, ಕೊನೆಯ ಅಕ್ಷರ ಪರದೆಯಿಂದ ಜಾರಿತು. ಮೇಲಿನ ಕಬ್ಬಿಣ ಮೇಲೆಯೇ ಇತ್ತು.

"ಮತ್ತೊಮ್ಮೆ," ಎಂದಳು ಕಾಕು.

ಅವಳಿಗೆ ಸಾಕೆನಿಸುವವರೆಗೆ ನಮ್ಮ ಕೈ ಅಲ್ಲೇ ಇದ್ದವು. ಆಮೇಲೆ ಸೂಪರ್‌ವೈಸರ್ ಯಾರೂ ಹೇಳದೆಯೇ ಗುಜರಿಯಿಂದ ಹಳೆಯ ಹಸಿರು ಗುಂಡಿಯ ಪೆಟ್ಟಿಗೆ ಹುಡುಕಿ ತಂದು, ವಾಲ್ವಿಗೆ ಹೋಗುವ ತಂತಿಯ ನಡುವೆ ಹಾಕಿಸಿದ. ಸೇಠ್ ಏನೋ ಹೇಳಲು ಬಂದವನು ಕಾಕುವಿನ ಕೊಕ್ಕೆ ನೋಡಿ ಹಿಂದಕ್ಕೆ ಹೋದ.

ಸಂಜೆ ಕಾಕು ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು, ಅಕ್ಷರಶಃ, ಅಂಗಿಯ ತೋಳು ಹಿಡಿದು. ಕಾಕಾ ಗೋಡೆಯ ಕಡೆ ತಿರುಗಿ ಮಲಗಿದ್ದ. ಹಿಮ್ಮಡಿಯ ನೀಲಿ ಈಗ ಇಡೀ ಪಾದಕ್ಕೆ ಹರಡಿತ್ತು. ನಾನು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪಿನ್ನು, ಸೊನ್ನೆ, ಸ್ವಾಗತ, ತುಂಬಿದ ಟ್ಯಾಂಕು, ಒಂಟಿ ಪೆಡಲು. ಕರೆಂಟ್ ಇಲ್ಲದಾಗ ಪೆಡಲ್ ತುಳಿದರೂ ಏನೂ ಆಗುವುದಿಲ್ಲ, ಬಂದ ಮೇಲೂ ಆ ಬೋರ್ಡ್ ಸ್ವಾಗತ ಮುಗಿಯುವವರೆಗೆ ಪೆಡಲಿನ ಕಡೆ ನೋಡುವುದೇ ಇಲ್ಲ ಎಂದೂ ಹೇಳಿದೆ.

ಕಾಕಾ ಈ ಕಡೆ ತಿರುಗಿದ.

"ಅಂದ್ರ ನನ್ ಕಾಲು ಸುಮ್ನ ಇತ್ತು?"

"ಸುಮ್ನ ಇತ್ತು ಕಾಕಾ."

"ನೀ ಒದರಿದಾಗೂ?"

"ನಾ ಒದರಿದಾಗೂ."

ಅವನು ಕಾಕುವಿನ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಹೊದಿಕೆಯ ಕೆಳಗೆ ಬಲಗಾಲಿನ ಬೆರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿಕೊಂಡ. ಆಮೇಲೆ ಮಂಡಿ ಮಡಿಚಿ, ಗುರಿ ಹಿಡಿದು, ನನ್ನ ಎದೆಗೆ ಒದ್ದ. ಸ್ಟೂಲ್ ಒಂದು ಕಡೆ, ನಾನು ಒಂದು ಕಡೆ ಬಿದ್ದೆವು. ನರ್ಸ್ ಓಡಿ ಬಂದಳು.

"ಇದು," ಎಂದ ಕಾಕಾ, ಏದುಸಿರು ಬಿಡುತ್ತ, "ಇದು ನಾ ಒದ್ದಿದ್ದು. ತಿಳೀತಿಲ್ಲೋ?"

"ತಿಳೀತ್ರಿ," ಎಂದೆ, ನೆಲದಿಂದ.